ಚೆನ್ನರಾಯಪ್ಪನ ಲಿವರೂ ಸಂಜೀವಿನಿ ಬೆಟ್ಟವೂ

ಶಿಡ್ಲಘಟ್ಟದ ನಮ್ಮ ಬೀದಿಯ ರಾಮಮಂದಿರಕ್ಕೆ ಒಂದು ಕಟ್ಟಳೆ ಇದೆ. ಧನುರ್ಮಾಸದ ರಾಮಾಯಣದ ಓದಿನಲ್ಲಿ ಹನುಮಂತ ಸಂಜೀವಿನಿ ಬೆಟ್ಟ ಹೊತ್ತು ಹಾರುವ ಪದ್ಯ ಬಂದಾಗ ಓದುವವನು ನಡುವೆ ಉಸಿರು ತೆಗೆದುಕೊಳ್ಳುವ ಹಾಗಿಲ್ಲ. ಹನುಮಂತನೇನು ದಾರಿಯಲ್ಲಿ ಬೆಟ್ಟ ಇಳಿಸಿ ಸುಧಾರಿಸಿಕೊಂಡನೆ ಎಂಬುದು ಹಿಂದಿನವರ ವಾದ. ಪದ್ಯವೋ ಸಮುದ್ರದಷ್ಟೇ ಉದ್ದ. ಕೇಳುವವರೂ ಉಸಿರು ಬಿಗಿಹಿಡಿದು ಕೂರುತ್ತಾರೆ. ನಡುವೆ ಉಸಿರು ಮುರಿಯಿತೋ, ಬೆಟ್ಟ ನೀರಿಗೆ ಬಿತ್ತು ಎಂದೇ ಲೆಕ್ಕ. ಆಮೇಲೆ ಲಕ್ಷ್ಮಣಸ್ವಾಮಿಯ ಗತಿ ಏನೆಂದು ಹೆಂಗಸರು ಮನೆಗೆ ಹೋಗುವ ತನಕ ಕಣ್ಣೊರೆಸಿಕೊಳ್ಳುತ್ತಾರೆ.

ಈ ಬೆಟ್ಟವನ್ನು ವರ್ಷ ವರ್ಷವೂ ಕ್ಷೇಮವಾಗಿ ಲಂಕೆಗೆ ಮುಟ್ಟಿಸುತ್ತಿದ್ದವನು ಚೆನ್ನರಾಯಪ್ಪ. ಅವನಪ್ಪ ಮುಟ್ಟಿಸಿದ್ದ, ತಾತ ಮುಟ್ಟಿಸಿದ್ದ. ಹೊಟ್ಟೆಪಾಡಿಗೆ ಅವನು ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತೂಕದ ಗುಮಾಸ್ತೆ. ಬೆಳಗ್ಗೆ ಕೂತ ಕುರ್ಚಿಯಿಂದ ಸಂಜೆ ಏಳುವುದು. ನಡುವೆ ತಕ್ಕಡಿಯ ಮುಳ್ಳು ನೋಡಿ ತೂಕ ಕೂಗುವುದು. ಹೀಗೆ ಕೂತೂ ಕೂತೂ, ಮಂದಿರದ ತುಪ್ಪದ ಹುಗ್ಗಿಯಲ್ಲಿ ಮೊದಲ ದೊನ್ನೆ ಓದುವವನಿಗೇ ಸಲ್ಲುವುದರಿಂದ ತಿಂದೂ ತಿಂದೂ, ಅವನಿಗೆ ಒಂದು ಹೊಟ್ಟೆ ಬಂದಿತ್ತು. ಅದಕ್ಕೆ ಅವನು ನಾಚುತ್ತಿರಲಿಲ್ಲ. "ತಂಬೂರಿಗೆ ಬುರುಡೆ ಯಾಕಿರತ್ತೆ ಹೇಳು? ನಾದ ಅಲ್ಲಿಂದ ಬರ್ಬೇಕು," ಎಂದು ಹೆಂಡತಿ ಗಂಗುಲಮ್ಮನಿಗೆ ಹೊಟ್ಟೆ ತಟ್ಟಿ ತೋರಿಸುತ್ತಿದ್ದ. ಅದು ನಿಜವಾಗಿಯೂ ನಾದ ಮಾಡುತ್ತಿತ್ತು.

ಆದರೆ ಆ ವರ್ಷದ ಧನುರ್ಮಾಸದಲ್ಲಿ ಹನುಮಂತ ಸಮುದ್ರದ ನಟ್ಟನಡುವೆ ಇದ್ದಾಗ ಚೆನ್ನರಾಯಪ್ಪನ ಉಸಿರು ಕಟ್ಟಿತು. ಬಾಯಿ ತೆರೆದದ್ದು ತೆರೆದೇ ಇತ್ತು, ಪದ್ಯ ಬರಲಿಲ್ಲ. ಮಂದಿರ ಸಮಿತಿಯ ಅಧ್ಯಕ್ಷ, ದಿನಸಿ ಅಂಗಡಿಯ ವೆಂಕಟರವಣಪ್ಪ ಕಣ್ಣು ತೆರೆಯದೆಯೇ ಮೆಲ್ಲಗೆ ಹೇಳಿದ:

"ಬೆಟ್ಟ ಬಿತ್ತು."

ಅಷ್ಟೇ. ಚೆನ್ನರಾಯಪ್ಪ ಊದುಬತ್ತಿಯ ಹೊಗೆಯ ಮೇಲೆ ತಪ್ಪು ಹೊರಿಸಿದ. ಊದುಬತ್ತಿ ಏನೂ ಹೇಳಲಿಲ್ಲ.

ಬೇಸಗೆಯ ಹೊತ್ತಿಗೆ ಬಲ ಪಕ್ಕೆಯಲ್ಲಿ ಏನೋ ಭಾರ ಶುರುವಾಯಿತು. ಗಂಗುಲಮ್ಮನ ತಮ್ಮ ಆವುಲಪ್ಪ ಚಿಂತಾಮಣಿಯಿಂದ ಬಂದಿದ್ದವನು, "ಬಾ ಭಾವ, ಚಿಕ್ಕಬಳ್ಳಾಪುರಕ್ಕೆ ಹೋಗಣ. ಅಲ್ಲಿ ಹೊಟ್ಟೇನ ಟೀವೀಲಿ ತೋರಿಸ್ತಾರಂತೆ," ಎಂದು ಬಸ್ಸು ಹತ್ತಿಸಿದ. ಅಲ್ಲಿ ಡಾಕ್ಟರ್ ಷಮೀಮ್ ಅವರು ಚೆನ್ನರಾಯಪ್ಪನ ನಾದದ ಬುರುಡೆಗೆ ತಣ್ಣನೆಯ ಅಂಟು ಬಳಿದು, ಯಂತ್ರ ಓಡಿಸಿ, ತೆರೆಯನ್ನೇ ನೋಡುತ್ತ ಕೇಳಿದರು:

"ಕುಡೀತೀರಾ?"

"ಕಾಫಿ."

"ಕಾಫಿ ಅಲ್ಲಪ್ಪ."

ಚೆನ್ನರಾಯಪ್ಪ ಎರಡೂ ಕಿವಿ ಮುಚ್ಚಿಕೊಂಡು ರಾಮನಾಮ ಹೇಳಿದ. ಡಾಕ್ಟರ್ ನಕ್ಕರು. "ಬೇಜಾರು ಮಾಡ್ಕೋಬೇಡಿ, ಕೇಳೋದು ನನ್ನ ಕೆಲಸ. ಕುಡಿಯದೇ ಇರೋರಿಗೂ ಬರತ್ತೆ ಇದು. ನಿಮ್ಮ ಲಿವರಲ್ಲಿ ಕೊಬ್ಬು ಕೂತಿದೆ. ಹಿಂಗೇ ಬಿಟ್ರೆ ಮುಂದೆ ಲಿವರ್ ಗಟ್ಟಿಯಾಗೋಗಬಹುದು. ಈಗಲೇ ಎದ್ರೆ ಇಳಿಯತ್ತೆ."

"ಮಾತ್ರೆ?"

"ಮಾತ್ರೆ ಇಲ್ಲ. ನಡೀಬೇಕು."

ಅಷ್ಟು ದೂರ ಬಂದು ಒಂದು ಇಂಜೆಕ್ಷನ್ನೂ ಇಲ್ಲವೆಂದರೆ ಯಾರಿಗೆ ತಾನೆ ಬೇಸರವಾಗದು? "ಮಂದಿರಕ್ಕೆ ನಾನು ನಡ್ಕೊಂಡೇ ಹೋಗೋದು ತಾಯಿ," ಎಂದ.

"ಅದು ಅಡ್ಡಾಡೋದು. ನಾನು ಹೇಳ್ತಿರೋದು ನಡೆಯೋದು. ನಡೀವಾಗ ಮಾತಾಡೋಕಾಗಬೇಕು, ಹಾಡೋಕಾಗಬಾರದು. ಹಾಡೋಕಾಗ್ತಿದೆ ಅಂದ್ರೆ ನಿಧಾನ ಆಯ್ತು ಅಂತ ಅರ್ಥ. ಜೊತೆಗೆ ವಾರದಲ್ಲಿ ಒಂದೆರಡು ದಿನ ಭಾರ ಎತ್ತೋದು, ಕೂತು ಏಳೋದು ಮಾಡಿ. ಲಿವರಿಗೆ ಅದೂ ಒಳ್ಳೇದೇ. ಮಂಡಿ ನೋವು ಬಂದ ದಿನ ಭಾರ ಎತ್ತೋದು, ಮಂಡಿ ಸರಿಯಿದ್ದ ದಿನ ನಡೆಯೋದು. ಒಟ್ನಲ್ಲಿ ಆ ಕುರ್ಚಿ ಬಿಡಿ."

ಡಾಕ್ಟರ್ ಈ ಮಾತನ್ನು ಎಲ್ಲರಿಗೂ ಹೇಳುತ್ತಿದ್ದರು. ಎಲ್ಲರೂ ಅದನ್ನು ಅರ್ಥ ಮಾಡಿಕೊಂಡು ಮನೆಗೆ ಹೋಗಿ ಮರೆಯುತ್ತಿದ್ದರು. ಆದರೆ ಚೆನ್ನರಾಯಪ್ಪ ಮೂರು ತಲೆಮಾರಿನ ಓದುವವರ ವಂಶದವನು. ಹಾಡಲು ಆಗುತ್ತದೋ ಇಲ್ಲವೋ ಎಂದು ಹಾಡಿ ನೋಡದೆ ತಿಳಿಯುವುದು ಹೇಗೆ?

ಬಾಗಿಲಾಚೆ ಕೂತಿದ್ದ ಆವುಲಪ್ಪನಿಗೆ ಕೇಳಿಸಿದ್ದು "ಕುಡೀತೀರಾ" ಎಂಬ ಪ್ರಶ್ನೆ, "ಲಿವರ್" ಎಂಬ ಉತ್ತರ. ನಡುವಿನದು ಫ್ಯಾನಿನ ಸದ್ದಿನಲ್ಲಿ ಹೋಯಿತು. ಬಸ್ಸಿನಲ್ಲಿ ಅವನು ಗುಟ್ಟಾಗಿ ಒಬ್ಬರಿಗೆ ಮಾತ್ರ ಹೇಳಿದ. ಬಸ್ಸಿಗಿಂತ ಮುಂಚೆ ಸುದ್ದಿ ಊರು ಸೇರಿತು ಎಂದರೆ ಸುಳ್ಳಾದೀತು. ಬಸ್ಸಿನ ಜೊತೆಗೇ ಸೇರಿತು, ಯಾಕೆಂದರೆ ಆ ಒಬ್ಬರು ಚೆನ್ನರಾಯಪ್ಪನ ಎದುರುಮನೆಯ ಮುನಿಗಂಗಮ್ಮ.

ನಮ್ಮ ಊರಿನಲ್ಲಿ ಆವರೆಗೆ ಲಿವರ್ ಎಂಬ ಅಂಗ ಇದ್ದದ್ದು ಕುಡುಕರಿಗೆ ಮಾತ್ರ. ಮಿಕ್ಕವರಿಗೆ ಪಿತ್ತ, ವಾಯು, ಗ್ಯಾಸು ಇಷ್ಟೇ ಇದ್ದವು. ಚೆನ್ನರಾಯಪ್ಪನಿಗೂ ಇದು ಗೊತ್ತಿತ್ತು. ಅದಕ್ಕೇ ಅವನು ಮನೆಯಲ್ಲಿ "ಗ್ಯಾಸಂತೆ" ಎಂದು ಹೇಳಿ ಸುಮ್ಮನಾದ. ಯಾರಿಗೂ ಕಾಣದ ಹಾಗೆ ವ್ಯಾಯಾಮ ಮಾಡಿ, ಯಾರಿಗೂ ತಿಳಿಯದ ಹಾಗೆ ಲಿವರನ್ನು ತೊಳೆದುಕೊಂಡು, ಮುಂದಿನ ಧನುರ್ಮಾಸಕ್ಕೆ ಪೀಠದ ಮೇಲೆ ಕೂರುವುದು ಅವನ ಯೋಜನೆ. ಯೋಜನೆಯಲ್ಲಿ ದೋಷವಿರಲಿಲ್ಲ, ದಾರಿಯಲ್ಲಿ ಇತ್ತು. ಊರಿನಲ್ಲಿ ಬೀಸಾಗಿ ನಡೆಯಲು ಇದ್ದದ್ದು ಕೆರೆ ಏರಿ ಒಂದೇ. ಕೆರೆ ಏರಿಗೆ ಹೋಗಲು ಹೆಂಡದಂಗಡಿಯ ಮುಂದೆಯೇ ಹೋಗಬೇಕು.

ಹೀಗೆ, ಕೋಳಿ ಕೂಗುವ ಮುಂಚೆ ತಲೆಗೆ ಮಫ್ಲರ್ ಸುತ್ತಿಕೊಂಡು, ಹೆಂಡದಂಗಡಿಯ ಕಡೆಗೆ ಕಳ್ಳನ ಹಾಗೆ ಹೋಗುವ ಚೆನ್ನರಾಯಪ್ಪ ಒಬ್ಬನಾದ. ಮುಖ ಕೆಂಪಗೆ, ಅಂಗಿ ಒದ್ದೆ, ಕಾಲು ಅಡ್ಡಾದಿಡ್ಡಿ, ಬಾಯಲ್ಲಿ ಅರ್ಧಂಬರ್ಧ ಪದ್ಯ, ಹೀಗೆ ಅದೇ ಕಡೆಯಿಂದ ವಾಪಸು ಬರುವ ಚೆನ್ನರಾಯಪ್ಪ ಇನ್ನೊಬ್ಬನಾದ. ಸಂಜೀವಿನಿಯ ಪದ್ಯವನ್ನೇ ಅವನು ಹಾಡಿ ಪರೀಕ್ಷಿಸುತ್ತಿದ್ದ. ನಾಲ್ಕು ಸಾಲು ಸಲೀಸಾಗಿ ಬಂದರೆ, "ಸಾಲದು," ಎಂದು ತನ್ನನ್ನೇ ಗದರಿಕೊಂಡು ಕಾಲು ಚುರುಕು ಮಾಡುವನು. ಪದ ಪದಕ್ಕೂ ತೇಕು ಬಂದರೆ, "ಆಹಾ, ಈಗ ಸರಿ," ಎಂದು ಕೈ ಮುಗಿಯುವನು. ಹಾಲು ಹಾಕುವ ಕೋನಪ್ಪ ಇದನ್ನು ಕಂಡು ದಾರಿ ಬಿಟ್ಟು ನಿಂತ. ತನ್ನನ್ನೇ ಬೈದುಕೊಂಡು ತನಗೇ ಕೈ ಮುಗಿಯುವ ಮನುಷ್ಯ ಏನು ಕುಡಿದಿರಬೇಕು ಎಂಬುದರ ಬಗ್ಗೆ ಕೋನಪ್ಪನಿಗೂ ಮುನಿಗಂಗಮ್ಮನಿಗೂ ಅಭಿಪ್ರಾಯಭೇದವಿತ್ತು. ಕುಡಿದಿದ್ದಾನೆ ಎಂಬುದರಲ್ಲಿ ಇರಲಿಲ್ಲ.

ಭಾರ ಎತ್ತುವುದಕ್ಕೆ ಅವನು ಉಸ್ಮಾನ್ ಸಾಬರ ಹತ್ತಿರ ಹೋದ. ಸಾಬರದು ಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆಯ ಕೊಟ್ಟಿಗೆ. ಅದರ ಹಿಂದೆ, ಅವರು ಕುಸ್ತಿ ಆಡುತ್ತಿದ್ದ ಕಾಲದ ಒಂದು ಸಣ್ಣ ಗರಡಿ. ಕೆಂಪುಮಣ್ಣು, ಮರದ ಗದೆ, ಕಲ್ಲಿನ ಗುಂಡು ಎಲ್ಲ ಇನ್ನೂ ಇದ್ದವು.

"ಅರೇ ಚೆನ್ನರಾಯಪ್ಪನೋರೆ, ಇಷ್ಟ್ ದಿನ ಎಲ್ಲಿದ್ರಿ ನೀವು?" ಎಂದು ಸಾಬರು ಹಿಗ್ಗಿದರು. ಬಹಳ ವರ್ಷಗಳಿಂದ ಅವರ ಗರಡಿಗೆ ಇಲಿ ಬಿಟ್ಟರೆ ಯಾರೂ ಬಂದಿರಲಿಲ್ಲ. "ಬಸ್ಕಿ ಹೊಡೀರಿ. ಬೆನ್ನು ಸೀದಾ. ಮೂತಿ ಯಾಕೆ ಹಂಗ್ ಮಾಡ್ತೀರಾ? ಮೂತಿಗೆ ಏನ್ ಕೆಲ್ಸ ಇಲ್ಲಿ?"

ಬಸ್ಕಿ ಆದಮೇಲೆ ಚೆನ್ನರಾಯಪ್ಪನ ತೊಡೆಗಳು ಅವನ ಮಾತು ಕೇಳುವುದನ್ನು ಬಿಟ್ಟವು. ಗೋಡೆ ಹಿಡಿದುಕೊಂಡು, ಕರೆಂಟು ಕಂಬವನ್ನು ಅಪ್ಪಿಕೊಂಡು ಮನೆ ಸೇರಿದ. ಅದನ್ನೂ ಬೀದಿ ನೋಡಿತು. ಐದು ಹೊತ್ತು ನಮಾಜು ತಪ್ಪಿಸದ ಉಸ್ಮಾನ್ ಸಾಬರನ್ನೂ ಬೀದಿ ಕುಡುಕರ ಪಟ್ಟಿಗೆ ಸೇರಿಸಿತು.

ಇಷ್ಟಾದರೂ ತೂಕ ಇಳಿಯಲಿಲ್ಲ. ಮಾರುಕಟ್ಟೆಯಲ್ಲಿ ಯಾರೂ ಇಲ್ಲದಾಗ ಅವನು ಗೂಡಿನ ತಕ್ಕಡಿಯ ಮೇಲೆ ತಾನೇ ಹತ್ತಿ ನಿಲ್ಲುತ್ತಿದ್ದ. ಮುಳ್ಳು ಹಳೆಯ ಜಾಗಕ್ಕೇ ಹೋಗಿ ನಿಲ್ಲುತ್ತಿತ್ತು. ಜೀವಮಾನವೆಲ್ಲ ಮುಳ್ಳು ಹೇಳಿದ್ದನ್ನು ದೇವರ ಮಾತೆಂದು ಕೂಗಿದವನಿಗೆ ಇದು ದೊಡ್ಡ ಪೆಟ್ಟು. ಮುಳ್ಳಿನ ಕಡೆಯಿಂದ ನೋಡಿದರೆ ಬೇರೆ ಕಾರಣವೂ ಇತ್ತು. ಬಸ್ಕಿ ಮುಗಿದ ಮೇಲೆ ಸಾಬರು ಗರಡಿಯ ಪದ್ಧತಿ ಎಂದು ಬಾದಾಮಿ ಅರೆದು ತುಪ್ಪ ತೇಲಿಸಿದ ಹಾಲನ್ನು ಒಂದು ಚೊಂಬು ಕುಡಿಸುತ್ತಿದ್ದರು. ಚೆನ್ನರಾಯಪ್ಪ ಅದನ್ನು ಔಷಧಿಯೆಂದು ಕಣ್ಣುಮುಚ್ಚಿ ಕುಡಿಯುತ್ತಿದ್ದ.

ಇತ್ತ ಆವುಲಪ್ಪ ಚಿಂತಾಮಣಿಯಿಂದ ಒಂದು ಪುಡಿ ತಂದ. ಕುಡಿತ ಬಿಡಿಸುವ ಪುಡಿ; ಕುಡುಕನಿಗೆ ತಿಳಿಯದ ಹಾಗೆ ಕಾಫಿಗೆ ಹಾಕಬೇಕು. ಅಕ್ಕನಿಗೂ ಹೇಳದೆ ಹಾಕಿಯೇ ಬಿಟ್ಟ. ಚೆನ್ನರಾಯಪ್ಪ ಹಿತ್ತಲಿಗೆ ಓಡಿ ಕರುಳು ಕಿತ್ತುಬರುವ ಹಾಗೆ ವಾಂತಿ ಮಾಡಿಕೊಂಡ.

"ನೋಡಿದ್ಯಾ ಅಕ್ಕ, ಮದ್ದು ಪನಿ ಮಾಡ್ತಾ ಇದೆ," ಎಂದ ಆವುಲಪ್ಪ, ತೃಪ್ತಿಯಿಂದ. "ಕುಡಿಯದೇ ಇರೋನಾಗಿದ್ರೆ ಯಾಕಪ್ಪ ವಾಂತಿ ಆಗ್ತಿತ್ತು?"

"ಯಾವ ಮದ್ದೋ?"

ಆವುಲಪ್ಪ ಪೊಟ್ಟಣ ತೋರಿಸಿದ. ಗಂಗುಲಮ್ಮ ಅದನ್ನು ಇಸಿದುಕೊಂಡಳು, ತಮ್ಮನ ಕಾಫಿ ಲೋಟಕ್ಕೆ ಒಂದು ಚಿಟಿಕೆ ಹಾಕಿದಳು, "ಕುಡಿ," ಎಂದಳು. ಅಕ್ಕನ ಮುಖ ನೋಡಿ ಅವನು ಕುಡಿದ. ಸ್ವಲ್ಪ ಹೊತ್ತಿನಲ್ಲಿ ಹಿತ್ತಲಿನಲ್ಲಿ ಭಾವನ ಪಕ್ಕ ಭಾವಮೈದುನನೂ ಬಗ್ಗಿದ್ದ.

"ನೀನೂ ಕುಡೀತೀಯೇನಪ್ಪ?" ಎಂದು ಗಂಗುಲಮ್ಮ ಬಾಗಿಲಲ್ಲಿ ನಿಂತು ಕೇಳಿದಳು.

ಆದರೆ ಊರಿಗೆಲ್ಲ ಚಿಟಿಕೆ ಹಾಕುತ್ತ ಹೋಗಲಾಗುವುದಿಲ್ಲವಲ್ಲ. ಕಾರ್ತೀಕ ಮುಗಿಯುತ್ತ ಬಂದಾಗ ವೆಂಕಟರವಣಪ್ಪ ಸಮಿತಿಯ ತೀರ್ಮಾನ ಹೊತ್ತು ಮನೆಗೆ ಬಂದ. ಜಗಲಿಯ ಮೇಲೆ ಕೂರಲು ಅವನಿಗೆ ಎರಡು ಪ್ರಯತ್ನ ಬೇಕಾಯಿತು. ಅವನದೂ ಸಣ್ಣ ಹೊಟ್ಟೆಯೇನಲ್ಲ.

"ನೋಡು ಚೆನ್ನರಾಯಪ್ಪ, ಈ ಸಲ ಟೇಪ್‌ರೆಕಾರ್ಡ್ ಹಾಕ್ತೀವಿ. ಬೆಂಗಳೂರಿಂದ ಕ್ಯಾಸೆಟ್ ತರಿಸಿದೀನಿ. ಪೀಠದ ಮೇಲೆ ಅದನ್ನೇ ಇಡೋದು."

ಕಳೆದ ವರ್ಷ ಬಿದ್ದ ಬೆಟ್ಟದ ವಿಷಯ ಎಂದೇ ಚೆನ್ನರಾಯಪ್ಪ ತಿಳಿದ. "ತಪ್ಪಾಯ್ತು ಯಜಮಾನ್ರೆ. ನಂಗೂ ನಾಚಿಕೆ ಆಗಿದೆ. ಅದಕ್ಕೇ ದಿನಾ ಬೆಳಗ್ಗೆ ಹೋಗ್ತಿದೀನಿ."

"ನಾಚಿಕೆ ಆಗಿದೆ ಅಂತ ಹೋಗ್ತೀಯಾ?"

"ವಾರಕ್ಕೆರಡು ದಿನ ಸಂಜೆ ಉಸ್ಮಾನ್ ಸಾಬರ ಹತ್ರಾನೂ."

ವೆಂಕಟರವಣಪ್ಪ ಹಣೆ ಒತ್ತಿಕೊಂಡ. "ಅಲ್ಲಯ್ಯ, ಅದನ್ನ ಹಿಂಗೆ ಬಾಯಿಬಿಟ್ಟು ಹೇಳ್ತೀಯಲ್ಲ, ರಾಮದೇವರು ಕುಡುಕನ ಬಾಯಿಂದ ಪದ್ಯ ಕೇಳ್ಬೇಕಾ?"

ಆಗ ಚೆನ್ನರಾಯಪ್ಪನಿಗೆ ಇಷ್ಟು ದಿನ ಊರು ಏನು ಮಾತಾಡುತ್ತಿತ್ತು ಎಂಬುದು ಒಟ್ಟಿಗೆ ತಿಳಿಯಿತು. ಬಾಯಿ ತೆರೆದದ್ದು ತೆರೆದೇ ಇತ್ತು, ಮಾತು ಬರಲಿಲ್ಲ. ಬೆಟ್ಟ ಎರಡನೆಯ ಸಲ ಬಿತ್ತು. ಒಳಗಿನಿಂದ ಗಂಗುಲಮ್ಮ ಬಂದಳು.

"ಅವರು ಕುಡಿದಿದ್ದನ್ನ ಕಣ್ಣಾರೆ ನೋಡಿದೋರು ಯಾರಣ್ಣ?"

"ಊರೇ ಹೇಳ್ತಿದೆಯಲ್ಲಮ್ಮ."

"ಊರು ಬೇಡ. ನೀವು ನೋಡಿದೀರಾ? ನೋಡ್ಕೊಂಡು ಬನ್ನಿ. ಅವರು ಅಂಗಡಿ ಬಾಗಿಲು ತುಳಿದಿದ್ರೆ ಆ ಟೇಪ್‌ರೆಕಾರ್ಡಿಗೆ ನಾನೇ ಹೂವು ಮುಡಿಸ್ತೀನಿ."

ನ್ಯಾಯವಾದ ಮಾತು. ಮಾರನೆಯ ಬೆಳಗಿನ ಜಾವ ವೆಂಕಟರವಣಪ್ಪ ಟಾರ್ಚು ಹಿಡಿದು, ಆವುಲಪ್ಪನನ್ನು ಸಾಕ್ಷಿಗೆ ಕರೆದುಕೊಂಡು, ಹೆಂಡದಂಗಡಿಯ ಎದುರಿನ ಹುಣಿಸೆ ಮರದ ಹಿಂದೆ ನಿಂತ. ಮರ ಅವನಿಗಿಂತ ಸಣ್ಣದಾಗಿತ್ತು. ಚೆನ್ನರಾಯಪ್ಪ ಬಂದ. ಪೀಠ ಹೋಗುವ ದುಃಖದಲ್ಲಿ ಅವನು ಅಂದು ಎಂದಿಗಿಂತ ಜೋರಾಗಿ ನಡೆಯುತ್ತಿದ್ದ. ಸುತ್ತ ಯಾರಿದ್ದಾರೆ ಎಂಬುದೂ ಅವನಿಗೆ ಕಾಣಿಸುತ್ತಿರಲಿಲ್ಲ. ಅಂಗಡಿಯ ಬಾಗಿಲು ಬಂತು, ಅಂಗಡಿಯ ಬಾಗಿಲು ಹೋಯಿತು. ಅವನು ತಿರುಗಿಯೂ ನೋಡಲಿಲ್ಲ.

"ಏರಿಯಾಚೆ ಇನ್ನೊಂದು ಅಂಗಡಿ ಇರ್ಬೇಕು," ಎಂದ ಆವುಲಪ್ಪ.

ಇಬ್ಬರೂ ಹಿಂದೆ ಬಿದ್ದರು. ಮೊದಲು ನಡೆದರು, ಆಮೇಲೆ ಬೀಸಾಗಿ ನಡೆದರು, ಆಮೇಲೆ ಪಂಚೆ ಎತ್ತಿಕಟ್ಟಿ ಓಡಿದರು. ಮುಂದಿನ ಮಫ್ಲರ್ ಮಾತ್ರ ಚಿಕ್ಕದಾಗುತ್ತ ಹೋಯಿತು. ಏರಿಯ ಅರ್ಧ ಮುಟ್ಟುವ ಮೊದಲೇ ವೆಂಕಟರವಣಪ್ಪನ ಎದೆ ತಿದಿಯಾಯಿತು. ಆವುಲಪ್ಪ ಹೇಗೋ ತೋಳು ಹಿಡಿದು ಹಿಂದಕ್ಕೆ ನಡೆಸಿಕೊಂಡು ಬಂದ. ಕೂರಲು ಒಂದು ಜಗಲಿ ಸಿಕ್ಕಿತು. ಅಧ್ಯಕ್ಷರು ದೊಪ್ಪೆಂದು ಕೂತರು. ಆ ಜಗಲಿ ಯಾವುದೆಂದು ಹೇಳಬೇಕಾಗಿಲ್ಲ.

ಅಷ್ಟರಲ್ಲಿ ಬೆಳಕು ಹರಿಯಿತು. ಮಾರುಕಟ್ಟೆಗೆ ಗೂಡು ತರುವ ರೈತರು ಗಾಡಿ ಸೈಕಲ್ಲುಗಳಲ್ಲಿ ಸಾಲಾಗಿ ಬಂದರು. ಹಾಲಿನ ಕೋನಪ್ಪ ಬಂದ. ಬೇಗ ಎದ್ದರೆ ಏನಾದರೂ ಕಾಣಿಸೀತೆಂದು ಮುನಿಗಂಗಮ್ಮ ಬಂದಳು. ಕಾಣಿಸಿತು. ಹೆಂಡದಂಗಡಿಯ ಜಗಲಿಯ ಮೇಲೆ ಮಂದಿರದ ಅಧ್ಯಕ್ಷರು. ಮುಖ ಕೆಂಡ, ಕಣ್ಣಲ್ಲಿ ನೀರು, ಪಂಚೆ ಅಸ್ತವ್ಯಸ್ತ, ಹೇಳಲು ಬಾಯಿ ತೆರೆದರೆ ಬರೀ ಗಾಳಿ. ಪಕ್ಕದಲ್ಲಿ ಗೋಡೆ ಹಿಡಿದ ಆವುಲಪ್ಪ.

"ಏನ್ ಯಜಮಾನ್ರೆ, ಇಷ್ಟ್ ಬೆಳಗ್ಗೇನೇ?" ಎಂದು ಗೂಡಿನ ರೈತನೊಬ್ಬ ಮರ್ಯಾದೆಯಿಂದಲೇ ಕೇಳಿದ.

ವೆಂಕಟರವಣಪ್ಪ ಎರಡೂ ಕೈ ಆಡಿಸಿ ಇಲ್ಲ ಎಂದು ಸನ್ನೆ ಮಾಡಿದ. ಅದನ್ನು ನೋಡಿದವರಿಗೆ ಅವನು ಇನ್ನೂ ಸ್ವಲ್ಪ ಹೆಂಡ ಕೇಳುತ್ತಿದ್ದಾನೆ ಎನ್ನಿಸಿತು.

"ಅಯ್ಯೋ ದೇವುಡಾ, ಇವರೂನಾ," ಎಂದಳು ಮುನಿಗಂಗಮ್ಮ.

ಏರಿಯ ತುದಿಯಿಂದ ತಿರುಗಿ ಬಂದ ಚೆನ್ನರಾಯಪ್ಪ ಗುಂಪು ನೋಡಿ ನಿಂತ. ಅಧ್ಯಕ್ಷರ ತೇಕು ನೋಡಿ ಅವನಿಗೆ ಭಯವಾಯಿತು. ಯಾಕೆ, ಏನು ಎಂದು ಕೇಳಲಿಲ್ಲ. ಕುಕ್ಕರಗಾಲಲ್ಲಿ ಕೂತು, ಅಧ್ಯಕ್ಷರನ್ನು ಬೆನ್ನ ಮೇಲೆ ಹಾಕಿಕೊಂಡು, ಉಸ್ಮಾನ್ ಸಾಬರು ಹೇಳಿಕೊಟ್ಟ ಹಾಗೆ ಬೆನ್ನು ಸೀದಾ ಇಟ್ಟು ಎದ್ದ. ಬೀದಿ ಬಾಯಿ ಮುಚ್ಚಿಕೊಂಡು ನೋಡಿತು. ವೆಂಕಟರವಣಪ್ಪನನ್ನು ಅವನ ಅಂಗಡಿಯ ಕುರ್ಚಿ ಬಿಟ್ಟರೆ ಯಾರೂ ಹೊತ್ತಿರಲಿಲ್ಲ.

ಸ್ವಲ್ಪ ದೂರ ಹೋದಮೇಲೆ ಬೆನ್ನ ಮೇಲಿನವನಿಗೆ ಮಾತು ಮರಳಿತು. "ಇಳ್ಸಯ್ಯ, ಜನ ನೋಡ್ತಾರೆ."

"ಮನೆ ಮುಟ್ಟೋವರೆಗೂ ಇಳಿಸಲ್ಲ ಯಜಮಾನ್ರೆ. ನಡುವೆ ಇಳಿಸೋ ಹಾಗಿಲ್ಲ, ನಿಮಗೇ ಗೊತ್ತಲ್ಲ."

ಆಮೇಲೆ ಕಿವಿಯ ಹತ್ತಿರ ಮೂಗು ಬಂದು ಮೂಸಿದ ಸದ್ದು. ಬೆವರು, ವಿಭೂತಿ, ಎಲ್ಲೋ ಸ್ವಲ್ಪ ಬಾದಾಮಿ.

"ಕುಡಿದಿಲ್ವೇನಯ್ಯ ನೀನು?"

"ಕಾಫಿ," ಎಂದ ಚೆನ್ನರಾಯಪ್ಪ. ಉಳಿದ ದಾರಿಯುದ್ದಕ್ಕೂ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದ. ಮಾತಾಡಲು ಆಗುತ್ತಿತ್ತು, ಹಾಡಲು ಆಗುತ್ತಿರಲಿಲ್ಲ. ವೇಗ ಸರಿಯಾಗಿದೆ ಎಂದು ಅವನಿಗೆ ಸಂತೋಷವಾಯಿತು.

ಆ ವಾರವೇ ಇಬ್ಬರೂ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದರು. ಡಾಕ್ಟರ್ ಷಮೀಮ್ ಮೊದಲು ವೆಂಕಟರವಣಪ್ಪನ ಹೊಟ್ಟೆಗೆ ಅಂಟು ಬಳಿದು ತೆರೆ ನೋಡಿದರು.

"ಕುಡೀತೀರಾ?"

ವೆಂಕಟರವಣಪ್ಪ ಚೆನ್ನರಾಯಪ್ಪನ ಮುಖ ನೋಡಿದ. ಚೆನ್ನರಾಯಪ್ಪ ಗೋಡೆಯ ಕ್ಯಾಲೆಂಡರ್ ನೋಡಿದ.

"ಕಾಫಿ," ಎಂದ ವೆಂಕಟರವಣಪ್ಪ, ಬಹಳ ಸಣ್ಣ ದನಿಯಲ್ಲಿ.

"ನಿಮಗೂ ಇದೆ ಕೊಬ್ಬು. ಇವರ ಜೊತೆ ನೀವೂ ನಡೀರಿ." ಆಮೇಲೆ ಚೆನ್ನರಾಯಪ್ಪನ ಸರದಿ. ಅವನು ಮಲಗುವ ಮೊದಲೇ ತಪ್ಪೊಪ್ಪಿಕೊಂಡ. "ನೋಡೋದು ಬೇಡ ತಾಯಿ. ತೂಕ ಒಂಚೂರೂ ಇಳಿದಿಲ್ಲ. ನಮ್ಮ ತಕ್ಕಡಿ ಸುಳ್ಳು ಹೇಳಲ್ಲ."

ಡಾಕ್ಟರ್ ಯಂತ್ರವನ್ನು ಪಕ್ಕೆಯ ಮೇಲೆ ಒತ್ತಿ, ತಿರುಗಿಸಿ, ಮತ್ತೆ ಒತ್ತಿ ನೋಡಿದರು. "ತಕ್ಕಡಿ ಸುಳ್ಳು ಹೇಳಲ್ಲ, ಆದ್ರೆ ಎಲ್ಲಾನೂ ಹೇಳಲ್ಲ. ಲಿವರಲ್ಲಿರೋ ಕೊಬ್ಬು ಚೆನ್ನಾಗಿ ಕರಗಿದೆ. ಮೈತೂಕ ಇಳೀದೇ ಇದ್ರೂ ವ್ಯಾಯಾಮಕ್ಕೆ ಒಳಗೆ ಇಳಿಯತ್ತೆ. ಬಿಡಬೇಡಿ. ಆದ್ರೆ ತೂಕ ಯಾಕೆ ಹಂಗೇ ಇದೆ? ಏನ್ ತಿಂತೀರಾ?"

ಬಾದಾಮಿ ಹಾಲಿನ ವಿಚಾರ ಹೊರಬಂತು. ಡಾಕ್ಟರ್ ಮೇಜಿನ ಮೇಲೆ ತಲೆಯಿಟ್ಟುಕೊಂಡು, ಆ ಚೊಂಬು ಬಿಡಿ ಎಂದರು. ತಕ್ಕಡಿಯ ಬಗ್ಗೆ ಅವರು ಹೇಳಿದ ಮಾತು ಚೆನ್ನರಾಯಪ್ಪನಿಗೆ ಬೇಗ ಅರ್ಥವಾಯಿತು. ಒಂದೇ ತೂಕದ ಎರಡು ಬುಟ್ಟಿ ಗೂಡಿನಲ್ಲಿ ಒಂದರಲ್ಲಿ ನೂಲು ಜಾಸ್ತಿ, ಇನ್ನೊಂದರಲ್ಲಿ ಹುಳುವೇ ಜಾಸ್ತಿ. ಬಿಚ್ಚಿದವರಿಗೆ ಗೊತ್ತು, ಮುಳ್ಳಿಗೆ ಗೊತ್ತಿಲ್ಲ.

ಧನುರ್ಮಾಸ ಬಂತು. ಮೊದಲ ಬೆಳಗ್ಗೆ ಮಂದಿರ ತುಂಬಿತ್ತು. ಅಧ್ಯಕ್ಷರ ವಿಷಯದಲ್ಲಿ ಊರಿಗೆ ಇನ್ನೂ ಸಂದೇಹ ಉಳಿದಿದ್ದರಿಂದ ಎಂದಿಗಿಂತ ಹೆಚ್ಚೇ ಜನ ಬಂದಿದ್ದರು. ವೆಂಕಟರವಣಪ್ಪ ಮೈಕಿನ ಮುಂದೆ ಎದ್ದುನಿಂತು, ಗಂಟಲು ಸರಿಮಾಡಿಕೊಂಡು, ಊರು ಇಂದಿಗೂ ನೆನೆಯುವ ಭಾಷಣ ಮಾಡಿದ.

"ಲಿವರ್ ಅನ್ನೋದು ಎಲ್ರಿಗೂ ಇದೆ. ನನಗೂ ಇದೆ, ಚೆನ್ನರಾಯಪ್ಪನಿಗೂ ಇದೆ, ಮುನಿಗಂಗಮ್ಮನಿಗೂ ಇದೆ. ಯಾರೂ ಯಾರ ಮೇಲೂ ಅನುಮಾನ ಪಡಬೇಡಿ."

"ನನಗಿಲ್ಲ," ಎಂದಳು ಮುನಿಗಂಗಮ್ಮ ಹಿಂದಿನಿಂದ.

ಟೇಪ್‌ರೆಕಾರ್ಡ್ ಮೂಲೆಯಲ್ಲಿ ಕುಂಕುಮ ಇಟ್ಟುಕೊಂಡು ಕೂತಿತ್ತು. ಚೆನ್ನರಾಯಪ್ಪ ನೆಲಕ್ಕೆ ಕೈಯೂರದೆ ಪೀಠದ ಮೇಲೆ ಕೂತ. ಅದನ್ನು ಉಸ್ಮಾನ್ ಸಾಬರು ಬಾಗಿಲಾಚೆ ನಿಂತು ನೋಡಿ, "ಶಾಬಾಸ್," ಎಂದರು.

ತಿಂಗಳ ಕೊನೆಗೆ ಆ ಪದ್ಯ ಬಂತು. ಗಂಗುಲಮ್ಮ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದಳು. ಚೆನ್ನರಾಯಪ್ಪ ಒಮ್ಮೆ ರಾಮದೇವರನ್ನು ನೋಡಿ, ಎದೆ ತುಂಬ ಉಸಿರು ತುಂಬಿಕೊಂಡು ಹಾರಿದ. ಬೆಟ್ಟ ಎದ್ದಿತು. ಕಾಡು ದಾಟಿತು, ದಡ ದಾಟಿತು. ಕಳೆದ ವರ್ಷ ಬಿದ್ದ ಜಾಗ ಬಂದಾಗ ಮಂದಿರದಲ್ಲಿ ಒಬ್ಬರೂ ಉಸಿರಾಡುತ್ತಿರಲಿಲ್ಲ. ವೆಂಕಟರವಣಪ್ಪನ ಮುಖ ಕೆರೆ ಏರಿಯ ದಿನದ ಬಣ್ಣಕ್ಕೆ ತಿರುಗಿತು. ಚೆನ್ನರಾಯಪ್ಪನ ದನಿ ಮಾತ್ರ ಅವನು ಏರಿಯ ಮೇಲೆ ನಡೆದ ಹಾಗೆ ನಡೆಯಿತು. ಸಮುದ್ರ ಮುಗಿಯಿತು, ಲಂಕೆಯ ದೀಪಗಳು ಕಂಡವು, ಬೆಟ್ಟ ಮೆತ್ತಗೆ ನೆಲಕ್ಕಿಳಿಯಿತು. ಊರೆಲ್ಲ ಒಟ್ಟಿಗೆ ಉಸಿರು ಬಿಟ್ಟಿತು; ದೀಪ ಅಲ್ಲಾಡಿತು. ಚೆನ್ನರಾಯಪ್ಪನ ಹತ್ತಿರ ಇನ್ನೂ ಸ್ವಲ್ಪ ಉಸಿರು ಮಿಕ್ಕಿತ್ತು. ಅದರಲ್ಲಿ ಮುಂದಿನ ಪದ್ಯದ ಅರ್ಧ ಸಾಲು ಹಾಡಿಬಿಟ್ಟ. ಅದು ಕಟ್ಟಳೆಯಲ್ಲಿ ಇರಲಿಲ್ಲ. ಸ್ವಲ್ಪ ಅಹಂಕಾರ, ದೇವರು ಮನ್ನಿಸಿರಬೇಕು.

"ಬೆಟ್ಟ ಮುಟ್ತು," ಎಂದ ವೆಂಕಟರವಣಪ್ಪ, ಕಣ್ಣೊರೆಸಿಕೊಳ್ಳುತ್ತ.

ಓದಿನ ಕೊನೆಗೆ ಫಲ ಹೇಳುವುದು ವಾಡಿಕೆ. "ಈ ಕಥೆ ಓದಿದವರಿಗೆ ಆರೋಗ್ಯ, ಕೇಳಿದವರಿಗೆ ಐಶ್ವರ್ಯ," ಎಂದು ಹೇಳಿ ಚೆನ್ನರಾಯಪ್ಪ ಪುಸ್ತಕ ಮುಚ್ಚಿದ. ಆಮೇಲೆ ಏನೋ ನೆನಪಾಗಿ ಮತ್ತೆ ತೆರೆದ. "ಕೇಳಿದ ಮೇಲೆ ಮನೆಗೆ ಬೀಸಾಗಿ ನಡ್ಕೊಂಡು ಹೋದವರಿಗೆ ಎರಡೂ," ಎಂದ.

ಹುಗ್ಗಿಯ ಮೊದಲ ದೊನ್ನೆ ಬಂತು. ಅವನು ಅದರಲ್ಲಿ ಒಂದು ತುತ್ತು ಕಣ್ಣಿಗೊತ್ತಿಕೊಂಡು ತಿಂದು, ಮಿಕ್ಕದ್ದನ್ನು ಆವುಲಪ್ಪನಿಗೆ ಕೊಟ್ಟ. ಹೊರಗೆ ವೆಂಕಟರವಣಪ್ಪ ತನ್ನ ಸ್ಕೂಟರಿನ ಪಕ್ಕ ನಿಂತಿದ್ದ. ಅದನ್ನು ಒಮ್ಮೆ ಪ್ರೀತಿಯಿಂದ ನೋಡಿದ. ಕೀಲಿಯನ್ನು ಜೇಬಿಗೆ ಹಾಕಿಕೊಂಡ.

"ಬಾರಯ್ಯ, ಏರಿ ಕಡೆಯಿಂದ ಹೋಗಣ," ಎಂದ. "ನೀನು ಹಾಡು. ನನಗೆ ನಡೀತಾ ಹಾಡೋಕಾಗಲ್ಲ, ಅಂದ್ರೆ ನನ್ನ ನಡಿಗೆ ಸರಿಯಾಗಿದೆ."